ಬೆಂಕಿ ಕಾಣದ ಬಿಸಿನೀರು

ನಾನು ಬೀದರದ ಒಂದು ಅಂಗಡಿಯಲ್ಲಿ ನೀರು ಕಾಯಿಸುವ ಸೋಲಾರ್ ಕೂಡಿಸುವ ಮಿಸ್ತ್ರಿ. ಇವತ್ತಾದರೂ ಸುಮ್ಮನೆ ಕೆಲಸ ಮುಗಿಸಿ ಬರಬೇಕು ಅಂದುಕೊಂಡೇ ಪ್ರತಿ ಮನೆಯ ಮಾಳಿಗೆ ಹತ್ತುತ್ತೇನೆ. ಇಳಿಯುವಷ್ಟರಲ್ಲಿ ಕೆಳಗೆ ಏನಾದರೂ ಒಂದು ಆಗಿಯೇ ಇರುತ್ತದೆ.

ಈಗ ಹೇಳುವುದು ಮಳೆ ಎರಡು ವರ್ಷ ಸಾಲಾಗಿ ಕೈಕೊಟ್ಟ ಕಾಲದ್ದು. ತೊಗರಿ ಬರಲಿಲ್ಲ. ತೊಗರಿ ಬರದಿದ್ದರೆ ನಮ್ಮ ಕಡೆ ಹಂಡೆಯ ಒಲೆಗೆ ತೊಗರಿ ಕಟ್ಟಿಗೆಯೂ ಇಲ್ಲ. ಕರೆಂಟಿನ ಕಾಯಿಲ್ ಹಚ್ಚೋಣ ಅಂದರೆ ಕರೆಂಟೇ ಇರುತ್ತಿರಲಿಲ್ಲ. ಹಾಗಾಗಿ ಜನ ಬಿಸಿಲಿನ ಕಡೆ ನೋಡತೊಡಗಿದರು. ಬಿಸಿಲಿಗೆ ಮಾತ್ರ ನಮ್ಮ ಜಿಲ್ಲೆಯಲ್ಲಿ ಯಾವತ್ತೂ ಬರ ಬಂದದ್ದಿಲ್ಲ.

ಆದರೆ ಟ್ಯಾಂಕರ್ ದಾರಿ ಕಾಯುವವರಿಗೆ ನೀರು ಕಾಯಿಸುವ ಯಂತ್ರ ಮಾರುವುದು ಸುಲಭವೇನು? ಬೀದರದಲ್ಲಿ, ಭಾಲ್ಕಿಯಲ್ಲಿ ಅಷ್ಟಿಷ್ಟು ಹೋದವು. ಔರಾದದಲ್ಲಿ ಒಂದೂ ಇಲ್ಲ. ನಮ್ಮ ಮಾಲಕರು ಒಂದು ದಿನ ಕರೆದು ಹೇಳಿಯೇಬಿಟ್ಟರು: “ಯುಗಾದಿ ಒಳಗ ಔರಾದದಾಗ ನಾಕು ಮನಿ ಹಿಡಿ. ಇಲ್ಲಂದ್ರ ಅಂಗಡಿ ಬಂದ್ ಮಾಡ್ತೇನಿ. ನೀನೂ ಎಲ್ಲಾರಂಗ ಹೈದ್ರಾಬಾದ್ ಬಸ್ ಹತ್ತು.”

ನಮ್ಮೂರು ಮೆಹಕರದ ಅರ್ಧ ಜನ ಆಗಲೇ ಆ ಬಸ್ ಹತ್ತಿದ್ದರು. ನನಗೆ ಹೋಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಒಂದು ಸಲ ಹೋಗಿ ಎಂಟು ತಿಂಗಳು ತಗಡಿನ ಶೆಡ್ಡಿನಲ್ಲಿ ಮಲಗಿ ಬಂದವನು ನಾನು. ಇಲ್ಲಿ ಕಂಡವರ ಮಾಳಿಗೆ ಹತ್ತಿದರೂ ಇಳಿದ ಮೇಲೆ ನನ್ನ ಮನೆಗೆ ಹೋಗುತ್ತಿದ್ದೆ.

೧. ಸೀರಿಯಸ್ ಕೇಸು

ಬೀದರದ ಮೈಲೂರಿನಲ್ಲಿ ಒಬ್ಬ ನಿವೃತ್ತ ನರ್ಸ್ ಇದ್ದರು. ಓಣಿಯವರೆಲ್ಲ ಅವರನ್ನು ಸಿಸ್ಟರ್ ಅಂತಲೇ ಕರೆಯುವುದು. ಅಳೆಯದೆ ತೂಗದೆ ಅವರು ಏನನ್ನೂ ನಂಬುವವರಲ್ಲ. ಸೋಲಾರಿನ ಗಾಜು, ನೀರಿನ ಟಾಕಿ ಎಲ್ಲ ಕೂಡಿಸಿದಾಗ, “ನೀರು ಎಷ್ಟು ಬಿಸಿ ಆಗ್ತಾವ್ರಿ?” ಎಂದು ಕೇಳಿದರು. “ಭಾಳ ಬಿಸಿ ಆಗ್ತಾವ್ರಿ ಸಿಸ್ಟರ್” ಅಂದೆ. “ಭಾಳ ಅಂದ್ರ ಎಷ್ಟು?” ಅಂದರು.

ಮರುದಿನ ರವಿವಾರ. ಬೆಳಿಗ್ಗೆಯೇ ಫೋನು: “ಮಿಸ್ತ್ರಿ, ಜಲ್ದಿ ಬರ್ರಿ. ನಿಮ್ಮ ಟಾಕಿ ಕೇಸು ಸೀರಿಯಸ್ ಅದ.”

ಓಡಿದೆ. ಸಿಸ್ಟರ್ ಚರ್ಚಿಗೆ ಹೋಗುವ ಬಿಳಿ ಸೀರೆ ಉಟ್ಟು ಬಚ್ಚಲ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಜ್ವರ ನೋಡುವ ಥರ್ಮಾಮೀಟರ್. ಬಕೆಟ್ಟಿನ ನೀರಿನಲ್ಲಿ ಅದ್ದಿದ್ದಾರೆ, ಪಾದರಸ ಸರ್ರನೆ ತುದಿ ಮುಟ್ಟಿದೆ, ಗಾಜು ಸೀಳಿ ಪಾದರಸ ನೀರಿಗೆ ಬಿದ್ದಿದೆ. ಆ ಬಕೆಟ್ ನೀರು ಚೆಲ್ಲಬೇಕಾಯಿತಲ್ಲ ಎಂಬುದೇ ಅವರಿಗೆ ದೊಡ್ಡ ಸಂಕಟ.

“ಸಿಸ್ಟರ್, ಇದು ಮನುಷ್ಯಾರಿಗಿ ಹಚ್ಚೋದ್ರಿ. ನಲವತ್ತೆರಡರ ಮುಂದ ಇದಕ್ಕ ಲೆಕ್ಕ ಬರಂಗಿಲ್ಲ” ಅಂದೆ.

ಅವರು ಬಕೆಟ್ಟನ್ನೂ ನನ್ನನ್ನೂ ನೋಡಿ ತಲೆಯಾಡಿಸಿದರು. “ಮೂವತ್ತೈದು ವರ್ಷ ಡ್ಯೂಟಿ ಮಾಡೀನ್ರಿ ಮಿಸ್ತ್ರಿ. ಇಷ್ಟು ಜ್ವರ ಬಂದ ಪೇಷಂಟ್ ಒಬ್ರೂ ಉಳಿದಿಲ್ಲ. ನಿಮ್ಮ ಟಾಕಿಗಿ ಮೊದಲು ಥಣ್ಣೀರ ಪಟ್ಟಿ ಹಾಕ್ರಿ.”

೨. ಕೌದಿ

ಅದೇ ಓಣಿಯಲ್ಲಿ ಒಬ್ಬ ಟೇಲರ್ ಇದ್ದ, ಅವನ ಮನೆಗೂ ಸೋಲಾರ್ ಕೂಡಿಸಿದ್ದೆ. ಬರಗಾಲದಲ್ಲಿ ಹೊಸ ಬಟ್ಟೆ ಹೊಲಿಸುವವರು ಯಾರು? ಮನೆಗೆ ಕೀಲಿ ಹಾಕಿ ಹೆಂಡತಿಯನ್ನು ಕರೆದುಕೊಂಡು ಹೈದರಾಬಾದಿಗೆ ಹೋದ. ವಾರವಾಗಿರಲಿಲ್ಲ, ಅವನ ಹೆಂಡತಿಯ ಫೋನು ಬಂತು.

“ಅಣ್ಣಾ, ನಾವು ಇಲ್ಲಿದ್ದೀವಿ. ಅಲ್ಲಿ ಸೋಲಾರ್ ಸುಮ್ಮ ಕಾಯ್ಲಿಕತ್ತದಲ್ಲ, ಬಂದ್ ಮಾಡ್ರಿ.”

“ತಂಗೀ, ಅದಕ್ಕ ಸ್ವಿಚ್ ಇಲ್ಲವಾ. ಸೂರ್ಯ ಮುಳುಗಿದ್ರ ಬಂದ್, ಹುಟ್ಟಿದ್ರ ಚಾಲು.”

“ಸವದು ಹೋಗ್ತದಲ್ಲಣ್ಣಾ” ಎಂದು ಆಕೆ ಅಳುವ ಹಾಗೆ ಮಾತಾಡಿದಳು. ಪರವೂರಿನಲ್ಲಿ ಕೂತು ಮನೆಯ ಮೇಲಿನ ಒಂದು ಗಾಜಿಗಾಗಿ ಜೀವ ಹಿಡಿದುಕೊಂಡಿದ್ದಾಳೆ, ಪಾಪ ಅನಿಸಿತು. ಆಕೆ ಪಕ್ಕದ ಮನೆಯಲ್ಲಿ ಇಟ್ಟು ಹೋಗಿದ್ದ ಹಳೆ ಕೌದಿಯೊಂದನ್ನು ಇಸಿದುಕೊಂಡು ಮಾಳಿಗೆ ಹತ್ತಿ ಸೋಲಾರಿಗೆ ಹೊಚ್ಚಿ ಬಂದೆ. ಬಿಸಿಲು ತಾಗದಿದ್ದರೆ ನೀರು ಕಾಯುವುದಿಲ್ಲ, ಅಷ್ಟೇ ಉಪಾಯ.

ನಾಲ್ಕು ದಿನದ ಮೇಲೆ ಆ ಓಣಿಯಿಂದ ಒಂದರ ಹಿಂದೆ ಒಂದು ತಕರಾರು. ನೀರು ಕಾಯುತ್ತಿಲ್ಲ, ನಿನ್ನೆಯತನಕ ಕಾಯುತ್ತಿತ್ತು. ನನಗೆ ಕುತೂಹಲ ತಡೆಯಲಾಗಲಿಲ್ಲ. ಹೋಗಿ ಒಂದು ಮಾಳಿಗೆ ಹತ್ತಿ ನಿಂತು ಸುತ್ತ ನೋಡಿದರೆ, ಕೆಂಪು, ಹಸಿರು, ಹೂವಿನದು, ಗೆರೆಯದು ಅಂತ ಆರು ಮನೆಯ ಸೋಲಾರುಗಳು ಮಟಮಟ ಮಧ್ಯಾಹ್ನ ಕೌದಿ ಹೊದ್ದು ಮಲಗಿವೆ! ಮಿಸ್ತ್ರಿ ತಾನೇ ಬಂದು ಟೇಲರನ ಮನೆಗೆ ಹೊಚ್ಚಿದ್ದಾನೆ ಅಂದ ಮೇಲೆ ಅದರಲ್ಲಿ ಏನೋ ಗುಟ್ಟಿದೆ ಎಂದು ಓಣಿಯೇ ತೀರ್ಮಾನಿಸಿತ್ತು.

“ಅಜ್ಜೀ, ಅದನ್ನ ತೆಗೀರಿ” ಎಂದು ಪಕ್ಕದ ಮನೆಯ ಮುದುಕಿಗೆ ಹೇಳಿದೆ. ಆಕೆ ಕೇಳಿದಳು: “ಛಳಿಗಾಲದಾಗ ನೀ ಬರೀ ಮೈಯಾಗ ಮಲಗ್ತೀ ಏನಪಾ?”

೩. ಒಂದು ಕಡ್ಡಿ

ಊರವರದ್ದು ಹೇಳಿ ಮನೆಯದ್ದು ಮುಚ್ಚಿಡಬಾರದು. ಒಬ್ಬರು ದೊಡ್ಡದು ಹಾಕಿಸಿಕೊಂಡು ಬಿಟ್ಟುಕೊಟ್ಟ ಸಣ್ಣ ಸೋಲಾರೊಂದನ್ನು ಮೆಹಕರದ ನಮ್ಮ ಮನೆಗೆ ಒಯ್ದು ಕೂಡಿಸಿದೆ. ಅಲ್ಲಿ ನಮ್ಮವ್ವ ಅಣ್ಣನ ಜೊತೆ ಇರುತ್ತಾಳೆ. ನಳ ತಿರುಗಿಸಿದೆ, ಹಬೆಯಾಡುವ ನೀರು ಬಂತು. ಅವ್ವ ಕೈಯಿಟ್ಟು ನೋಡಿ ಹಿಂದೆ ಸರಿದಳು.

“ಬೆಂಕಿ ಎಲ್ಲಿ ಅದ?”

“ಬೆಂಕಿ ಇಲ್ಲವ್ವ. ಬಿಸಲಿಗೇ ಕಾಯ್ತದ.”

“ಬೆಂಕಿ ಕಾಣದ ನೀರು ಮೈಗಿ ಹತ್ತಂಗಿಲ್ಲೋ ತಮ್ಮಾ” ಅಂದವಳೇ ಆ ಬಿಸಿನೀರನ್ನು ಹಂಡೆಗೆ ಸುರಿದು, ಕಾಯಿಸಲು ಕಟ್ಟಿಗೆ ಆಯಲು ಹೊಲಕ್ಕೆ ಹೊರಟಳು. ಹೊಲದಲ್ಲಿ ಏನಿದೆ, ಬರಿಗೈಯಲ್ಲಿ ಬಂದಳು. ಎರಡು ದಿನ ಜಳಕವನ್ನೇ ಮಾಡಲಿಲ್ಲ. ನಾನು ಪೈಪು ತೋರಿಸಿದೆ, ಗಾಜು ತೋರಿಸಿದೆ. ಆಕೆ ನನ್ನನ್ನೇ ಕನಿಕರದಿಂದ ನೋಡಿದಳು.

ಮೂರನೆಯ ದಿನ ನೋಡುತ್ತೇನೆ, ಅವ್ವ ಜಳಕ ಮಾಡಿ ಒದ್ದೆ ಕೂದಲು ಝಾಡಿಸುತ್ತ ಬಿಸಿಲಿಗೆ ಕೂತಿದ್ದಾಳೆ. “ಹ್ಯಾಂಗ ಮಾಡಿದಿ ಅವ್ವ?” ಅಂದೆ. ಬಚ್ಚಲಿನ ಗೂಡಿನಲ್ಲಿದ್ದ ಕಡ್ಡಿಪೆಟ್ಟಿಗೆ ತೋರಿಸಿದಳು. ಒಂದು ಕಡ್ಡಿ ಗೀರಿ, ಆರತಿ ಬೆಳಗಿದ ಹಾಗೆ ಬಕೆಟ್ಟಿನ ಮೇಲೆ ಮೂರು ಸುತ್ತು ತಿರುಗಿಸಿ, ಊದಿ ಆರಿಸಿ, ಜಳಕ ಮಾಡಿದ್ದಳು!

“ನೀರಿಗಿ ಬೆಂಕಿ ತೋರ್ಸೀನಿ. ಮತ್ತೇನು ಬೇಕು ಅದಕ್ಕ? ನಿಮ್ಮ ಮಾಲಕರಿಗಿ ಹೇಳು, ಟಾಕಿ ಸಂಗಟ ಒಂದು ಕಡ್ಡಿಪೆಟಗಿ ಕೊಡಂತ. ಮುದುಕೇರೆಲ್ಲ ತೊಗೋತಾರ.”

೪. ಮೊದಲನೆಯ ನೀರು

ಇದನ್ನು ಹೇಳಿದಾಗ ಮಾಲಕರು ನಗಲಿಲ್ಲ. “ಔರಾದ ಏನಾತು?” ಅಂದರು.

ಔರಾದದ ಸಂಗತಿ ನನಗೇ ತಿಳಿಯುತ್ತಿರಲಿಲ್ಲ. ಅಲ್ಲಿ ನೌಕರದಾರರ ಒಂದು ಕಾಲನಿ. ಜನ ಚಹ ಕೊಡುತ್ತಿದ್ದರು, ಎಲ್ಲ ಕೇಳುತ್ತಿದ್ದರು, ಕೊನೆಗೆ ಒಂದೇ ಮಾತು: “ಹೆಡ್‌ಮಾಸ್ತರನ್ನ ಒಂದು ಮಾತು ಕೇಳ್ತೀವ್ರಿ.” ಹೆಡ್‌ಮಾಸ್ತರು ಅದೇ ಕಾಲನಿಯವರು, ವಿಜ್ಞಾನ ಕಲಿಸುವವರು. ಅವರು ಹೂಂ ಅಂದರೆ ಕಾಲನಿಯೇ ಹೂಂ. ಅವರಿಗೆ ಸೋಲಾರಿನ ಹೆಸರೆತ್ತಿದರೆ ಸಾಕು, ಹೆಗಲ ಮೇಲಿನ ಟವೆಲ್ಲನ್ನು ಮೈತುಂಬ ಹೊದ್ದುಕೊಳ್ಳುತ್ತಿದ್ದರು.

“ಸೂರ್ಯ ಶಕ್ತಿ ಇನ್ನಾ ಪ್ರಯೋಗದ ಹಂತದಾಗ ಅದ್ರಿ. ನಾ ಸ್ವತಃ ಅನುಭವಿಸೀನಿ.”

“ಎಲ್ಲಿ ಅನುಭವಿಸೀರಿ ಸರ್?”

“ಭಾಲ್ಕ್ಯಾಗ. ನಮ್ಮ ಅತ್ತಿಯವರ ಮನ್ಯಾಗ.”

ಯಾರ ಮನೆಯೆಂದು ಕೇಳಿ ತಿಳಿದಾಗ ನನಗೆ ದಿಗಿಲಾಯಿತು. ಆ ಮನೆಗೆ ಕೂಡಿಸಿದವನು ನಾನೇ! ಭಾಲ್ಕಿಗೆ ಹೋಗಿ ಆ ಅತ್ತೆಯವರನ್ನು ಕೇಳಿದೆ. ಆ ತಾಯಿ ಹೊಗಳಿದ್ದೇ ಹೊಗಳಿದ್ದು. “ಬಂಗಾರದಂಥ ನೀರ್ರಿ. ನಮ್ಮ ಅಳಿಯಂದ್ರು ಸೈತ ಎರಡು ವರ್ಷದಾಗ ಒಂದು ಮಾತು ಅಂದಿಲ್ಲ. ಬಚ್ಚಲದಾಗ ಇದ್ದಾಗ ‘ನೀರು ಸಾಕಷ್ಟು ಕಾದಾವೇನ್ರಿ’ ಅಂತ ಕೇಳ್ತೇನಿ. ‘ಹೂಂ ಹೂಂ ಹೂಂ ಹೂಂ’ ಅಂತಾರ.”

ಮನೆಯವರೆಲ್ಲರಿಗೂ ಬಿಸಿ, ಅಳಿಯನೊಬ್ಬನಿಗೆ ಪ್ರಯೋಗದ ಹಂತ. ಇದೇನಿದು? ಸಂಕ್ರಾಂತಿಗೆ ಅಳಿಯಂದಿರು ಬರುತ್ತಾರೆಂದು ತಿಳಿದು, ಸರ್ವೀಸಿನ ನೆವ ಮಾಡಿಕೊಂಡು ಹಬ್ಬದ ದಿನ ನಸುಕಿಗೇ ಆ ಮನೆಗೆ ಹಾಜರಾದೆ.

ಹೆಡ್‌ಮಾಸ್ತರು ಹಬ್ಬದ ಜಳಕಕ್ಕೆಂದು ಅರೆದ ಎಳ್ಳು ಮೈಗೆ ಹಚ್ಚಿಕೊಂಡು ಅಂಗಳದಲ್ಲಿ ಕೂತಿದ್ದರು. ಬೀದರ ಕಡೆಯ ಆ ಚಳಿ, ಮುಖ ಗಲ್ಲಿಗೇರಲು ಹೊರಟವನದ್ದು. ಅತ್ತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಯಾರೂ ನಳ ಮುಟ್ಟಬ್ಯಾಡ್ರಿ! ಮೊದಲನೇ ನೀರು ಅಳಿಯಂದ್ರಿಗಿ. ಅವರದು ಆದ ಮ್ಯಾಲ ಉಳಿದವರದು.”

ನನ್ನ ತಲೆಯಲ್ಲಿ ದೀಪ ಹತ್ತಿತು. “ಒಂದು ನಿಮಿಷ ತಡೀರಿ ತಾಯಿ, ನಳ ಚೆಕ್ ಮಾಡ್ಬೇಕು” ಎಂದು ಒಳಗೆ ಹೋಗಿ ಒಂದು ಬಕೆಟ್ ಹಿಡಿದೆ. ಕೈಯಿಟ್ಟರೆ ಬೆರಳು ಮರಗಟ್ಟಿತು. ಟಾಕಿ ಎರಡನೆಯ ಮಾಳಿಗೆಯ ಮೇಲೆ, ಬಚ್ಚಲು ಹಿತ್ತಲಿನ ತುದಿಗೆ. ಅಷ್ಟುದ್ದ ಪೈಪಿನಲ್ಲಿ ರಾತ್ರಿಯೆಲ್ಲ ನಿಂತು ಥಣ್ಣಗಾದ ನೀರು ಸರಿಯಾಗಿ ಒಂದು ಬಕೆಟ್. ಬೇರೆ ಕಾಲದಲ್ಲಾದರೆ ಅದನ್ನು ಹರಿಯಬಿಟ್ಟು ಬಿಸಿ ಬಂದ ಮೇಲೆ ಹಿಡಿಯುತ್ತಾರೆ. ಟ್ಯಾಂಕರ್ ಎಂಟು ದಿನಕ್ಕೊಮ್ಮೆ ಬರುವ ಕಾಲದಲ್ಲಿ ಹನಿ ಚೆಲ್ಲುವವರಾರು? ಒಬ್ಬೊಬ್ಬರಿಗೆ ಒಂದೇ ಬಕೆಟ್. ಮೊದಲನೆಯದು, ಮರ್ಯಾದೆಯದು, ಅಳಿಯನಿಗೆ! ಅತ್ತೆಯ ಮನೆಯಲ್ಲಿ ಬಾಯಿಬಿಟ್ಟು ಥಣ್ಣಗಿದೆ ಅನ್ನುವುದು ಆ ಮನುಷ್ಯನ ಜಾಯಮಾನವಲ್ಲ.

ಆ ಬಕೆಟ್ಟನ್ನು ಪಾತ್ರೆ ತಿಕ್ಕಲು ಅಂತ ಹೊರಗಿಟ್ಟು, “ಹೋಗ್ರಿ ಸರ್” ಅಂದೆ.

ಮಾಸ್ತರು ಒಳಗೆ ಹೋದರು. ಎರಡು ವರ್ಷದ ರೂಢಿ ನೋಡಿ, ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ದೊಡ್ಡ ತಂಬಿಗೆ ತುಂಬ ನೀರು ಒಮ್ಮೆಗೇ ತಲೆಯ ಮೇಲೆ ಸುರಿದುಕೊಂಡಿರಬೇಕು. ಒಳಗಿಂದ ಬಂದ ಕೂಗಿಗೆ ಮನೆಯವರೆಲ್ಲ ಬಚ್ಚಲ ಬಾಗಿಲಿಗೆ ಓಡಿದರು.

“ಏನಾತ್ರಿ? ಹಾವೇನ್ರಿ?” ಅತ್ತೆ ಗಾಬರಿ.

ಒಳಗಿಂದ ಮೆಲ್ಲಗೆ ದನಿ ಬಂತು: “ಏನಿಲ್ರಿ. ನೀರು... ಬಿಸಿ ಅದಾವ.”

“ಅಯ್ಯ, ಅದ್ರಾಗೇನು ಹೊಸಾದು? ಎರಡು ವರ್ಷದಿಂದ ಅವೇ ನೀರಲ್ಲೇನ್ರಿ!”

ಮಾಸ್ತರು ಕೆಂಪಗಾಗಿ ಹೊರಗೆ ಬಂದರು. ನಾನು ಅವರನ್ನು ಮಾಳಿಗೆಗೆ ಕರೆದೊಯ್ದು ಪೈಪು ತೋರಿಸಿ ಎಲ್ಲ ಬಿಡಿಸಿ ಹೇಳಿದೆ. ಅವರು ಬೆರಳು ಮಡಚುತ್ತ ಹೋದರು: ಎರಡು ದೀಪಾವಳಿ, ಒಂದು ಸಂಕ್ರಾಂತಿ, ನಾದಿನಿಯ ಮದುವೆ. “ಕೆಳಗ ಹೇಳಬ್ಯಾಡ್ರಿ. ಅತ್ತಿಯವರು ಭಾಳ ನೊಂದ್ಕೋತಾರ” ಅಂದರು. ಆಮೇಲೆ ಅಲ್ಲಿಯೇ ಪೈಪಿನ ಪಕ್ಕ ಕೂತು ನಕ್ಕರು ನೋಡಿ, ನನಗೂ ಕಣ್ಣಲ್ಲಿ ನೀರು ಬಂತು.

ಆ ವಾರವೇ ಕಾಲನಿಯ ಏಳು ಮನೆಗಳು ಹೂಂ ಅಂದವು. ಅಂಗಡಿ ಉಳಿಯಿತು. ನಾನು ಹೈದರಾಬಾದ್ ಬಸ್ ಹತ್ತಲಿಲ್ಲ.

ಮೊದಲನೆಯದನ್ನು ಹೆಡ್‌ಮಾಸ್ತರ ಮನೆಗೇ ಕೂಡಿಸಲು ಹೋದೆ. ಟಾಕಿಯನ್ನು ಬಚ್ಚಲಿನ ನೆತ್ತಿಯ ಮೇಲೆಯೇ ಇಡುವ ಹಾಗೆ ಅಳತೆ ಮಾಡಿ, “ನಿಮಗ ಪೈಪು ಎರಡೇ ಮಾರು ಸರ್. ನಳ ತಿರುವಿದ್ರ ಬಿಸಿ” ಅಂದೆ.

ಮಾಸ್ತರು ಆ ಕಡೆ ಈ ಕಡೆ ನೋಡಿ ಹತ್ತಿರ ಬಂದರು. “ಸ್ವಲ್ಪ ಉದ್ದ ಮಾಡ್ಲಿಕ್ಕ ಬರ್ತದೇನ್ರಿ? ಒಂದು ಬಕೀಟು ಹಿಡೀವಷ್ಟು?”

“ಯಾಕ್ರಿ ಸರ್?”

“ಯುಗಾದಿಗಿ ನಮ್ಮ ಅತ್ತಿ-ಮಾವ ಬರೋರಿದ್ದಾರ. ಹಿರ್ಯಾರು ನೋಡ್ರಿ, ಮೊದಲನೇ ನೀರು ಅವರಿಗೇ ಕೊಡ್ಬೇಕಲ್ಲ.”