ಬೀದಿಯಲ್ಲಿ ಪಾವು, ಫೋನಿನಲ್ಲಿ ಇಂಟರ್‌ವ್ಯೂ

ಏಕಕಾಲಕ್ಕೆ ಎರಡು ಕೆಲಸ ಮಾಡಬಲ್ಲವರೇ ದೊಡ್ಡವರು ಎಂಬುದು ನನ್ನ ಅಚಲ ನಂಬಿಕೆಯಾಗಿತ್ತು. ಬಿ.ಕಾಂ. ಮುಗಿಸಿ ಎಂಟು ತಿಂಗಳಾದರೂ ಕೈಯಲ್ಲಿ ಒಂದು ಕೆಲಸವೂ ಇರಲಿಲ್ಲ, ಅದು ಬೇರೆ ಮಾತು! ಅಂತೂ ಕೊಯಮತ್ತೂರಿನ ಒಂದು ಕಂಪನಿಯಿಂದ ಕರೆ ಬಂತು. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ವೀಡಿಯೊ ಇಂಟರ್‌ವ್ಯೂ. ಖುಷಿಯಲ್ಲಿ ನಾನು ಹಿಂದಿನ ದಿನದಿಂದಲೇ ನೆಲದ ಮೇಲೆ ನಿಂತಿರಲಿಲ್ಲ.

ಅದೇ ಗುರುವಾರ ಬೆಳಿಗ್ಗೆ ನಮ್ಮ ಮನೆಯ ಪಾವು. ನಾವು ತಮಿಳು ಸೀಮೆಯ ಎಡಪ್ಪಾಡಿಯಲ್ಲಿರುವ ಕನ್ನಡದ ನೇಯ್ಗೆಯವರು. ಮಗ್ಗಕ್ಕೆ ಏರಿಸುವ ಮೊದಲು ಸೀರೆಯ ಉದ್ದದ ನೂಲನ್ನೆಲ್ಲ ಬೀದಿಯುದ್ದಕ್ಕೂ ಬಿಗಿದು, ಬಿದಿರಿನ ಕವೆಗಳ ಮೇಲೆ ಹರಡಿ, ಗಂಜಿ ಹಚ್ಚಿ ಒಣಗಿಸುತ್ತೇವೆ. ಅದೇ ಪಾವು. ನೂಲಿಗೆ ಕಟ್ಟಿದ ಹಗ್ಗದ ತುದಿಯನ್ನು ಗೂಟಕ್ಕೆ ಎರಡು ಸುತ್ತು ಹಾಕಿ ಒಬ್ಬರು ಹಿಡಿದಿರಬೇಕು. ಒಣಗುತ್ತಾ ನೂಲು ಬಿಗಿಯಾದಂತೆ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಕೈ ಬಿಟ್ಟರೆ ಮುಗಿಯಿತು! ಅಂದು ಎಂಟು ಸೀರೆಯ ನೂಲಿತ್ತು. ಅದು ಹಾಳಾದರೆ ಅಪ್ಪನ ಮಗ್ಗ ಬರಿದಾಗಿ ಕೂರುತ್ತಿತ್ತು.

"ತುದಿ ಮಾದಣ್ಣ ಇಡ್ಕತಾನೆ, ನೀನು ಓಗಿ ಓದ್ಕಾ ಸುಗುಣಾ" ಎಂದರು ಅಪ್ಪ. ಮಾದಣ್ಣ ಎಂದರೆ ಪಕ್ಕದ ಮನೆಯವರು.

"ಏನೂ ಬ್ಯಾಡ, ನಾನೇ ಇಡ್ಕತೀನಿ. ಎಂಟಕ್ಕೆ ಪಾವು ಮುಗೀತೈತೆ, ಒಂಬತ್ತಕ್ಕೆ ಇಂಟರ್‌ವ್ಯೂ. ನಡುವೆ ಒಂದು ಗಂಟೆ ಐತೆ. ಟೈಮ್ ಮ್ಯಾನೇಜ್‌ಮೆಂಟ್ ಅಪ್ಪಾ!"

"ಅದನ್ನ ಸೂರ್ಯನ್ಗೆ ಯೋಳು" ಎಂದು ಅಪ್ಪ ಗಂಜಿ ಕಲಸಲು ಹೋದರು.

ನಾನು ಸೂರ್ಯನಿಗೆ ಹೇಳಿರಲಿಲ್ಲ. ಆಕಾಶದ ತುಂಬ ಮೋಡ! ಎಂಟಾಯಿತು, ಎಂಟೂವರೆಯಾಯಿತು, ನೂಲು ಒದ್ದೆಯೋ ಒದ್ದೆ. ಆಗಲೇ ಮಾದಣ್ಣನನ್ನು ಕರೆಯಬೇಕಿತ್ತು. ಆದರೆ ಬೆಳಿಗ್ಗೆ ಆಡಿದ ಜಂಬದ ಮಾತು ಅಡ್ಡ ಬಂತು. ತಂಗಿಯ ಕೈಯಲ್ಲಿ ಇಸ್ತ್ರಿ ಮಾಡಿದ ಕುರ್ತಾ ತರಿಸಿ, ಹಳೆಯದರ ಮೇಲೆಯೇ ಒಂದೊಂದೇ ಕೈ ತೂರಿಸಿ ತೊಟ್ಟೆ. ಸೊಂಟದಿಂದ ಮೇಲೆ ಅಧಿಕಾರಿ, ಕೆಳಗೆ ಬರೀ ಗಂಜಿ! ಫೋನನ್ನು ಎದುರಿನ ಜಗಲಿಯ ಮೇಲೆ ಚೊಂಬಿಗೆ ಒರಗಿಸಿದೆ.

ಒಂಬತ್ತಕ್ಕೆ ಸರಿಯಾಗಿ ಫೋನು ರಿಂಗಾಯಿತು.

"ಮಾದಣ್ಣಾ, ವಸಿ ಬಂದು ಇಡ್ಕಳಣ್ಣಾ!"

"ಕೈಯೆಲ್ಲಾ ಗಂಜಿ ಕಣಮ್ಮಾ, ಒರೆಸ್ಕಂಡು ಬಂದೆ ಇರು!"

ಅಷ್ಟರಲ್ಲಿ ತಂಗಿ ಫೋನಿನ ಗುಂಡಿ ಒತ್ತಿಯೇಬಿಟ್ಟಳು. ಪರದೆಯ ಮೇಲೆ ಮೂವರು ದೊಡ್ಡ ಮನುಷ್ಯರು ಮೂಡಿದರು. ನಡುವಿನ ಹಿರಿಯರು ನಗುತ್ತಾ "ವಣಕ್ಕಂ" ಎಂದರು.

ಹಿರಿಯರು ಕಂಡರೆ ಎರಡೂ ಕೈ ಜೋಡಿಸಬೇಕೆಂದು ನಮ್ಮಜ್ಜಿ ನನಗೆ ಮಾತು ಬರುವ ಮುಂಚೆಯೇ ಕಲಿಸಿದ್ದಳು. ಜೋಡಿಸಿದೆ. ಎರಡೂ ಕೈ!

ಹಗ್ಗ ಸರ್ರನೆ ಗೂಟದಿಂದ ಬಿಚ್ಚಿಕೊಂಡಿತು. ಕವೆಗಳು ಒಂದಾದ ಮೇಲೊಂದು ಬೀದಿಯ ಆ ತುದಿಯವರೆಗೂ ಉರುಳಿದವು. ಎಂಟು ಸೀರೆಯ ನೂಲು ಮಣ್ಣಿನ ಮೇಲೆ ಸುಖವಾಗಿ ಮಲಗಿತು. ನಾನಿನ್ನೂ ಕೈ ಮುಗಿದುಕೊಂಡೇ ನಿಂತಿದ್ದೆ.

"ಅಯ್ಯಯ್ಯೋ, ಪೋಚ್ಚು! ಎಲ್ಲಾ ಓಯ್ತು!" ಎಂದು ಬೀದಿಗೆ ಬೀದಿಯೇ ಕೂಗಿತು.

"ಏನಮ್ಮಾ ಅದು ಗಲಾಟೆ?" ಎಂದು ತಮಿಳಿನಲ್ಲಿ ಕೇಳಿದರು ಹಿರಿಯರು.

"ಪಕ್ಕದ ಮನೆಯಲ್ಲಿ ಏನೋ ಸರ್" ಎಂದೆ.

ಅಜ್ಜಿ ಫೋನಿನೊಳಕ್ಕೇ ಮುಖ ತೂರಿಸಿದಳು. "ಪಕ್ಕದ ಮನೇದೆಲ್ಲಾ ಅಲ್ಲ ಸಾಮಿ, ನಮ್ದೇ! ಈ ಮೂದೇವೀನೇ ಬುಟ್ಬುಟ್ಲು!"

ಅಜ್ಜಿಯ ಕನ್ನಡ ಅವರಿಗೆ ಎಷ್ಟು ತಿಳಿಯಿತೋ ಕಾಣೆ, ಬೆರಳು ನನ್ನತ್ತ ಇದ್ದದ್ದಂತೂ ತಿಳಿಯಿತು. ಆದರೂ ಪುಣ್ಯಾತ್ಮರು ಪ್ರಶ್ನೆ ಕೇಳಿದರು: ನಿಮ್ಮ ದೊಡ್ಡ ಗುಣ ಯಾವುದು?

ಉತ್ತರವನ್ನು ನಾಲ್ಕು ದಿನ ಬಾಯಿಪಾಠ ಮಾಡಿದ್ದೆ. "ಹಿಡಿದ ಕೆಲಸವನ್ನು ನಡುವೆ ಬಿಡುವವಳಲ್ಲ ಸರ್."

ನನ್ನ ಬೆನ್ನ ಹಿಂದೆ ಹತ್ತು ಜನ ಬಗ್ಗಿ ನೂಲು ಎತ್ತುತ್ತಿದ್ದರು. ಯಾರದೋ ಆಡು ಬಂದು ಗಂಜಿ ನೆಕ್ಕತೊಡಗಿತ್ತು. ಅಪ್ಪ ಗಂಜಿಯ ಕುಂಚ ಕೆಳಗಿಟ್ಟು, ನೂಲಿಗೆ ಮೆತ್ತಿದ ಮಣ್ಣನ್ನು ಬೆರಳಲ್ಲಿ ಒರೆಸುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು. ಆ ಮುಖ ನೋಡಿ ನನಗೆ ಅಳು ಬಂತು. ಫೋನನ್ನು ಕೈಗೆತ್ತಿಕೊಂಡು, ನೂಲಿನ ಪಕ್ಕದಲ್ಲೇ ಮಣ್ಣಲ್ಲಿ ಕುಳಿತು, ಒಂದೇ ಕೈಯಲ್ಲಿ ಎಳೆ ಬಿಡಿಸತೊಡಗಿದೆ.

"ಇನ್ನು ಐದು ವರ್ಷಕ್ಕೆ ನೀವು ಎಲ್ಲಿರುತ್ತೀರಿ?" ಇದು ಕೊನೆಯ ಪ್ರಶ್ನೆ.

ಇದಕ್ಕೂ ಉತ್ತರ ಬಾಯಿಪಾಠವಾಗಿತ್ತು. ಆದರೆ ಬಾಯಿಗೆ ಬಂದದ್ದು ನಿಜ. "ಇಲ್ಲೇ ಇರ್ತೀನಿ ಸರ್. ಈ ಸಿಕ್ಕು ಬಿಡಿಸ್ತಾ."

ಮೂವರೂ ಬಿದ್ದು ಬಿದ್ದು ನಕ್ಕರು. ಇಷ್ಟು ನಗಿಸಿದವಳಿಗೆ ಕೆಲಸ ಗ್ಯಾರಂಟಿ ಎಂದು ನಾನು ಬೀದಿಗೆಲ್ಲ ಸಾರಿದೆ. ಸಂಜೆಗೆ ಮೇಲ್ ಬಂತು. ನನ್ನ ಉಜ್ವಲ ಭವಿಷ್ಯಕ್ಕೆ ಹಾರೈಸಿ, ಅದನ್ನು ಬೇರೆ ಕಡೆ ಹುಡುಕಿಕೊಳ್ಳಲು ಸೂಚಿಸಿದ್ದರು!

ಸಿಕ್ಕು ಬಿಡಿಸಲು ನಾಲ್ಕು ದಿನ ಹಿಡಿಯಿತು. ಆರು ಸೀರೆಯಷ್ಟು ನೂಲು ಉಳಿಯಿತು, ಎರಡು ಸೀರೆಯಷ್ಟು ನನ್ನ ನಮಸ್ಕಾರಕ್ಕೆ ಹೋಯಿತು. ಐದನೆಯ ದಿನ ಬೀದಿಯವರೆಲ್ಲ ಸೇರಿ ಒಮ್ಮತದಿಂದ ಒಂದು ನಿರ್ಣಯ ಕೈಗೊಂಡರು: ಯಾರೇ ಪಾವು ಹಾಕುವುದಾದರೂ ಮೊದಲು ಸುಗುಣಾಳನ್ನು ಕೇಳತಕ್ಕದ್ದು. ಅವಳಿಗೆ ಇಂಟರ್‌ವ್ಯೂ ಇರುವ ದಿನ ಬೀದಿಯಲ್ಲಿ ಪಾವು ಹಾಕತಕ್ಕದ್ದಲ್ಲ!

ಅಂದಿನಿಂದ ದಿನಾ ಸಂಜೆ ಯಾರಾದರೂ ಬಾಗಿಲಲ್ಲಿ ನಿಂತು ಕೇಳುತ್ತಾರೆ: "ಏನಮ್ಮೀ ಸುಗುಣಾ, ನಾಳೆ ಇಂಟರ್‌ವ್ಯೂ ಐತಾ?"

ಇವತ್ತಿಗೆ ಐದು ತಿಂಗಳಾಯಿತು. ನನ್ನ ಇಂಟರ್‌ವ್ಯೂವಿನಿಂದಾಗಿ ನಮ್ಮ ಬೀದಿಯಲ್ಲಿ ಒಂದೇ ಒಂದು ದಿನವೂ ಪಾವು ತಪ್ಪಿಲ್ಲ.