ಸೋಂಗಿನ ಆಟ ಛಾಪಿಸಿದ ಮಾಮಾ

ನಮ್ಮ ಮಾಮಾ ಛಾಪಿಸಿದ ಪುಸ್ತಕವನ್ನು ಯಾರ ಒತ್ತಾಯವೂ ಇಲ್ಲದೆ, ಸ್ವಂತ ಬುದ್ಧಿಯಿಂದ ಕೊಂಡವರು ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಕೈ ಎತ್ತಬೇಕು. ನಾನೇ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು ಸನ್ಮಾನ ಮಾಡುತ್ತೇನೆ. ಶಾಲು ತಂದಿಟ್ಟು ಮೂರು ವರ್ಷವಾಯಿತು. ಅದಕ್ಕೀಗ ನುಸಿ ಹತ್ತಿದೆ!

ಮಾಮಾ ಅಂದರೆ ನಮ್ಮವ್ವನ ಖಾಸಾ ತಮ್ಮ. ಹಿರಿಯರನ್ನು ಏಕವಚನದಲ್ಲಿ ಕರೆಯುತ್ತಾಳಲ್ಲ ಎಂದು ಬೇಸರ ಬೇಡ. ಇಂಥವನು ಒಬ್ಬನಿರುವುದೇ ಹೆಚ್ಚಾಗಿರುವಾಗ ಬಹುವಚನ ಯಾರಿಗೆ ಬೇಕು? ಆಳಂದದಲ್ಲಿ ಅವನದೊಂದು ಸಣ್ಣ ಛಾಪಖಾನೆ. ಲಗ್ನಪತ್ರಿಕೆ, ಮಕ್ಕಳ ಜಾವಳದ ಪತ್ರಿಕೆ, ಕಿರಾಣಿ ಅಂಗಡಿಯ ಚೀಟಿ ಪುಸ್ತಕ, ಇಷ್ಟರಲ್ಲೇ ಸುಖವಾಗಿದ್ದ. ಸೊಲ್ಲಾಪುರದ ಒಂದು ಲಗ್ನಕ್ಕೆ ಹೋದವನು ಅಲ್ಲಿ ಕಾಲೇಜು ಹುಡುಗರು ಟೇಬಲ್ಲಿನ ಸುತ್ತ ಕೂತು ಆಡುತ್ತಿದ್ದ ಆಟ ನೋಡಿ ಕೆಟ್ಟ. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ‘ನಾ ಹಿಂಗ ಮಾಡ್ತೇನಿ, ನಾ ಹಂಗ ಮಾಡ್ತೇನಿ’ ಅನ್ನುತ್ತಾರೆ. ಮಾಡಿದ್ದು ಕೈಗೂಡಿತೋ ಇಲ್ಲವೋ ದಾಳ ಹೇಳುತ್ತದೆ. ಅಷ್ಟೇ ಆಟ! ಗೆಲ್ಲುವವರಿಲ್ಲ, ಸೋಲುವವರಿಲ್ಲ.

“ಸೋಲೇ ಇಲ್ಲದ ಆಟ ಬೇ! ನಮ್ಮ ಕಡೆ ಯಾರೂ ಇದನ್ನ ಛಾಪಿಸಿಲ್ಲ,” ಅಂದ ಬಂದವನೇ.

“ಯಾಕ ಛಾಪಿಸಿಲ್ಲ ಅಂತ ಒಂದ ಸಲ ವಿಚಾರ ಮಾಡ್ರಿ ಮಾಮಾ,” ಅಂದೆ.

ವಿಚಾರ ಮಾಡುವವರು ಪ್ರಕಾಶಕರಾಗುತ್ತಾರೆಯೇ? ಎರಡು ತಿಂಗಳಲ್ಲಿ ‘ಸೋಂಗಿನ ಆಟ’, ಅಂದರೆ ವೇಷದ ಆಟ, ತಯಾರಾಯಿತು. ದಾಳದ ಬದಲು ಕವಡೆ. ಕಥೆ ನಡೆಸುವವನಿಗೆ ‘ಕಾರಭಾರಿ’ ಎಂಬ ಬಿರುದು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಪಾಪ ಮಾಡಿದ್ದರಿಂದ ಪ್ರೂಫ್ ತಿದ್ದುವ ಶಿಕ್ಷೆ ನನಗೆ.

ದೊಡ್ಡ ಪ್ರಕಾಶಕರು ಛಾಪಿಸುವ ಮೊದಲು ಜನರ ಕೈಲಿ ಆಡಿಸಿ ನೋಡುತ್ತಾರೆಂದು ಎಲ್ಲೋ ಕೇಳಿದ್ದ. ಸರಿ, ನನ್ನನ್ನೂ ಎಳೆದುಕೊಂಡು ಸರಸಂಬಾಕ್ಕೆ ನಡೆದ. ಕಟ್ಟೆಯ ಮೇಲೆ ನಾಲ್ಕು ಜನ ರೈತರನ್ನು ಕೂಡಿಸಿ ಗಂಟಲು ದಪ್ಪ ಮಾಡಿ ಶುರು ಹಚ್ಚಿದ: “ಯಾರೂ ಇಲ್ಲದ ದಾರಿ. ಎದುರಿಗಿ ಕೊಡಲಿ ಹಿಡದ ದರೋಡಿಕೋರ! ಏನ್ ಮಾಡ್ತೀರಿ?”

“ಯಾವೂರಾಂವ್ರಿ ಅಂವ?” ಒಬ್ಬ ರೈತ ಕೇಳಿದ.

“ಯಾವೂರಾಂವರೆ ಇರ್ಲಿ! ಕೊಡಲಿ ಎತ್ಯಾನ!”

“ಹಂಗಲ್ರೀ, ಯಾರ ಪೈಕಿ ಅಂತ ತಿಳದ್ರ ಮಾತಾಡಾಕ ಸರಳ ಆಗ್ತದ.”

ಮಾಮಾ ತಡವರಿಸಿ “ಮಣ್ಣೂರಾಂವ” ಅಂದುಬಿಟ್ಟ. ಮುಗಿಯಿತು! ಮಣ್ಣೂರು ಆ ರೈತನ ದೊಡ್ಡಪ್ಪನ ಬೀಗರ ಊರು. ಹತ್ತೇ ನಿಮಿಷದಲ್ಲಿ ದರೋಡೆಕೋರ ಕೊಡಲಿಯನ್ನು ಗೋಡೆಗಾನಿಸಿ ಚಹಾ ಕುಡಿಯುತ್ತಿದ್ದ. ಅವನ ತಂಗಿಯನ್ನು ಕಟ್ಟೆಯ ಮೇಲಿನ ಇನ್ನೊಬ್ಬನ ಮಗನಿಗೆ ತರುವುದೂ ನಿಕ್ಕಿಯಾಯಿತು. ಏಳುವಾಗ ಆ ರೈತ ಕೈಮುಗಿದು ಹೇಳಿದ: “ಲಗ್ನಪತ್ರಿಕಿ ಮಾತ್ರ ನಿಮ್ಮಲ್ಲೇ ಛಾಪಿಸ್ತೇವ್ರಿ!”

ಇಷ್ಟಾದರೂ ಪುಸ್ತಕ ಛಾಪಿಸಿಯೇ ಛಾಪಿಸಿದ. ಹೊದಿಕೆಗೆ ಏನು ಬಳಸಿದ ಗೊತ್ತೇ? ಛಾಪಖಾನೆಯಲ್ಲಿ ಉಳಿದಿದ್ದ ಲಗ್ನಪತ್ರಿಕೆಯ ದಪ್ಪ ಕೆಂಪು ಕಾಗದ, ಮೇಲೆ ಬಂಗಾರದ ಬಣ್ಣದ ಗಣಪತಿ. “ಮೊದಲು ಪುಕ್ಕಟ ಹಂಚಬೇಕು, ಹೆಸರಾಗ್ತದ,” ಎಂದು ಹವಳಗಾಕ್ಕೆ ಹೋಗಿ ಸಕ್ಕರೆ ಕಾರ್ಖಾನೆಯ ಗೇಟಿನ ಎದುರು ನಿಂತು ಸಿಕ್ಕಸಿಕ್ಕವರ ಕೈಗಿಟ್ಟು ಬಂದ. ಮುಂದಿನ ರವಿವಾರ ಛಾಪಖಾನೆಯ ಮುಂದೆ ಒಂದು ಟಂಟಂ ಆಟೋ ಬಂದು ನಿಂತಿತು. ಇಸ್ತ್ರಿಯ ಅಂಗಿ, ಜರಿಸೀರೆ, ಮಲ್ಲಿಗೆಯ ದಂಡೆ.

“ಅಕ್ಷತಾ ಎಷ್ಟ ಗಂಟೆಕ್ಕ ಅದರಿ?” ಕೆಂಪು ಪುಸ್ತಕ ಹಿಡಿದು ಇಳಿದವರು ಕೇಳಿದರು.

ಮರ್ಯಾದೆ ಇದ್ದವನು ಏನು ಮಾಡುತ್ತಿದ್ದ? ಕ್ಷಮೆ ಕೇಳುತ್ತಿದ್ದ. ನಮ್ಮ ಮಾಮಾ ಕವಡೆಯ ಚೀಲ ಬಿಚ್ಚುತ್ತ, “ಊಟ ಇಲ್ರಿ, ಆಟ ಅದ. ಕುಂಡ್ರಿ,” ಅಂದ. ಅವರು ಲಗ್ನಕ್ಕೆಂದು ತಂದಿದ್ದ ಆಯೇರಿಯನ್ನು ಎದೆಗವಚಿಕೊಂಡು ಟಂಟಂ ಏರಿದರು.

ಇಡೀ ಪುಸ್ತಕ ಒಮ್ಮೆಲೇ ಕೊಟ್ಟದ್ದೇ ತಪ್ಪಾಯಿತು ಎಂಬ ಜ್ಞಾನೋದಯ ಆಮೇಲೆ. ಭಾಗ ಭಾಗ ಮಾಡಿ ಬಿಟ್ಟರೆ ಓದುಗರು ಹಸಿದು ಕಾಯುತ್ತಾರಂತೆ! ಮೊದಲ ಭಾಗವನ್ನು ಜೇವರ್ಗಿ ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಪುಕ್ಕಟೆ ಹಂಚಲು ಇಟ್ಟ. ಸಾಯುವ ನಿಯಮಗಳೆಲ್ಲ ಮೊದಲ ಭಾಗದಲ್ಲಿದ್ದವು. ಸತ್ತವರು ಮತ್ತೆ ಬದುಕುವ ನಿಯಮ ಎರಡನೆಯದರಲ್ಲಿ. ಎರಡನೆಯದನ್ನು ಇನ್ನೂ ಬರೆದೇ ಇರಲಿಲ್ಲ. ಒಂದು ದಿನ ಫೋನು ಬಂತು.

“ಜೇವರ್ಗಿಯಿಂದ ಮಾತಾಡಾಕತ್ತೇನ್ರಿ. ನಾವು ನಾಲ್ಕೂ ಮಂದಿ ಸತ್ತು ಹದಿನೈದ ದಿನ ಆತು. ಮುಂದೇನ್ ಮಾಡ್ಬೇಕ್ರಿ?”

ಮಾಮಾ ಫೋನಿನ ಮೇಲೆ ಕೈ ಮುಚ್ಚಿ, ಕಣ್ಣರಳಿಸಿ ನನಗೆ ಹೇಳಿದ: “ನೋಡಿದ್ಯಾ ಬೇ? ಕಾಯಾಕತ್ತಾರ!”

ಎರಡನೆಯ ಭಾಗಕ್ಕೆ ಮುಂಗಡ ಕೊಟ್ಟು ಹೆಸರು ಬರೆಸಿದವರನ್ನು ಆಟದೊಳಗೇ ಒಂದು ಪಾತ್ರ ಮಾಡುವ ಯೋಜನೆಯೂ ಆಯಿತು. ಅಫಜಲಪುರದ ಕಡೆಯ ಒಬ್ಬ ಗೌಡರು ಮಾಮಾನ ಹೊಗಳಿಕೆಗೆ ಉಬ್ಬಿ ಹೆಸರು ಬರೆಸಿದರು, ಜೊತೆಗೆ ತಮ್ಮನದನ್ನೂ. ಮನುಷ್ಯರ ಪಾತ್ರಗಳು ತೀರಿದ್ದರಿಂದ ಮಾಮಾ ಗೌಡರನ್ನು ಭೀಮಾ ಹೊಳೆಯ ಮೊಸಳೆ ಮಾಡಿದ, ತಮ್ಮನನ್ನು ಕೋಣ. ಗೌಡರು ಕೆಂಡವಾಗಿ ಬಂದರು. ಮೊಸಳೆ ಮಾಡಿದ್ದಕ್ಕೋ? ಅಲ್ಲ! “ಮೊಸಳಿ ತಾಕತ್ತು ಮೂರು, ಕೋಣದ ತಾಕತ್ತು ಏಳು! ಇದ್ಯಾವ ನ್ಯಾಯರಿ?”

ಹೀಗೆ ಈ ಮನುಷ್ಯನನ್ನು ನೋಡಿ ನಕ್ಕು ನಕ್ಕು ನನಗೆ ಸಾಕಾಗಿತ್ತು. ಆಗಲೇ, ಹೋದ ಚಳಿಗಾಲದಲ್ಲಿ, ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ತೊಡೆಯ ಎಲುಬು ಮುರಿಯಿತು. ಕಲಬುರಗಿಯಲ್ಲಿ ಆಪರೇಷನ್ ಮಾಡಿಸಿ ನನ್ನ ಮನೆಗೆ ಕರೆತಂದೆ. ಎಲುಬು ಕೂಡಿತು, ಅವ್ವ ಮಾತ್ರ ಏಳಲಿಲ್ಲ. ಮಾತೂ ನಿಂತಿತು. ಏನು ಕೇಳಿದರೂ ಗೋಡೆಯ ಕಡೆ ಮುಖ. ಎರಡು ತುತ್ತಿಗೆ ತಾಟು ಸರಿಸುತ್ತಿದ್ದಳು. ‘ನಡೆಯಬಹುದು, ಆದರೆ ಅವರಿಗೇ ಮನಸ್ಸಿಲ್ಲ’ ಅಂದರು ಡಾಕ್ಟರು.

ಒಂದು ಮುಂಜಾನೆ ಮಾಮಾ ಕವಡೆಯ ಚೀಲ ಹಿಡಿದು ಬಂದ. ನನಗೆ ಮೈ ಉರಿಯಿತು.

“ಮಾಮಾ, ಇಲ್ಲಿ ಮಾತ್ರ ನಿಮ್ಮ ಆಟ ಬ್ಯಾಡ್ರಿ!”

ಅವನು ಕೇಳಿಸಿಕೊಳ್ಳಲೇ ಇಲ್ಲ. ಮಂಚದ ತುದಿಗೆ ಕೂತ. “ಅಕ್ಕಾ, ಯಾರ ಸೋಂಗ ಹಾಕ್ತಿ? ರಾಣಿ ಆಗ್ತೀಯೇನು?” ಅವ್ವನ ಮುಖ ಗೋಡೆಯ ಕಡೆಯೇ. “ಇಲ್ಲಾ, ಸಾವ್ಕಾರ್ತಿ?” ಅವನ ರಟ್ಟೆ ಹಿಡಿದು ಎಬ್ಬಿಸಬೇಕೆಂದು ನಾನು ಒಳಗೆ ಕಾಲಿಟ್ಟೆ.

“ಕಂಡಕ್ಟರ್.”

“ಏನಂದಿ ಅಕ್ಕಾ?”

“ಬಸ್ ಕಂಡಕ್ಟರ್ ಲೇ! ಕಿವುಡ ಆಗಿಯೇನ?”

ಜೋಳದ ರೊಟ್ಟಿ ಬಡಿಯುವುದರಲ್ಲೇ ಜನ್ಮ ಕಳೆದ ಅವ್ವನಿಗೆ ಇಂಥದೊಂದು ಆಸೆ ಇತ್ತೆಂದು ನನಗೆ ಯಾವತ್ತೂ ಗೊತ್ತಿರಲಿಲ್ಲ. ನಾನು ಯಾವತ್ತೂ ಕೇಳಿಯೂ ಇರಲಿಲ್ಲ.

ಮಾಮಾ ದನಿ ತಗ್ಗಿಸಿದ. “ಆಳಂದ ಬಸ್ ಸ್ಟ್ಯಾಂಡ್. ಜೇವರ್ಗಿ ಗಾಡಿ. ಬಾಗಲದಾಗ ಎಂಟ ಮಂದಿ ಜೋತಾಡಾಕತ್ತಾರ. ಏನ್ ಮಾಡ್ತಿ?”

ಅವ್ವ ಮೊಣಕೈ ಊರಿ ಎದ್ದು ಕೂತಳು. “ಒಳಗ ಸರೀರಿ! ನಡಬರಕ ಜಾಗ ಅದ, ಸರೀರಿ! ಏ ಯಪ್ಪಾ, ಆ ಗಂಟ ಕಾಲಾಗಿಂದ ತಗಿ!”

ಅಂದಿನಿಂದ ಆ ಬಸ್ಸು ದಿನಾ ಓಡಿತು. ವಾರದ ಮೇಲೆ ಮಾಮಾ ಹೊಸ ನಿಯಮ ತಂದ: ಹಿಂದಿನ ಸೀಟಿನವರ ಟಿಕೀಟು ಆಗಿಲ್ಲ, ಕಂಡಕ್ಟರ್ ಎದ್ದು ಹೋಗಬೇಕು. ಹಿಂದಿನ ಸೀಟು ಅಂದರೆ ಪಡಸಾಲೆಯ ಬೆಂಚು. ಅವ್ವ ಬೈಯುತ್ತ, ಬೆವರುತ್ತ ವಾಕರ್ ಹಿಡಿದು ಎದ್ದಳು. ನಾಲ್ಕು ಹೆಜ್ಜೆ. ಮರುದಿನ ಆರು.

ಆ ಆಟವನ್ನೂ ಅವನು ಛಾಪಿಸಿದ. ದಪ್ಪ ದಪ್ಪ ಅಕ್ಷರ, ಒಂದೇ ಒಂದು ಪ್ರತಿ. “ಒಂದ ಪ್ರತಿಗಿ ಯಾರರೆ ಮಷೀನ್ ಚಾಲೂ ಮಾಡ್ತಾರೇನ್ರಿ?” ಎಂದು ನನ್ನ ಚಾಳಿಯಂತೆ ಅಣಕಿಸಿದೆ.

“ಅಕ್ಕನ ಕಣ್ಣು ಮಂಜಾಗ್ಯಾವ ಬೇ,” ಅಂದ ಮಾಮಾ. “ಸಣ್ಣ ಅಕ್ಷರ ಕಾಣಂಗಿಲ್ಲ ಆಕಿಗೆ.”

ನಿನ್ನೆ ಶಾಲೆಯಿಂದ ದಣಿದು ಬಂದೆ. ಪಡಸಾಲೆಯಲ್ಲಿ ಮಾಮಾ ಊಟದ ತಾಟನ್ನು ಸ್ಟೇರಿಂಗಿನಂತೆ ಹಿಡಿದು ಕೂತಿದ್ದ. ಅವ್ವ ಬಾಗಿಲಿಗೆ ಬಂದು, ವಾಕರಿನಿಂದ ಒಂದು ಕೈ ಬಿಟ್ಟು ನನ್ನನ್ನು ತಡೆದಳು.

“ಎಲ್ಲಿಗ್ರಿ?”

“ಜೇವರ್ಗಿ,” ಅಂದೆ.

ಅವ್ವ ನನ್ನ ಮುಖವನ್ನೇ ನೋಡಿದಳು. “ಭಾಳ ದಣಿದೀರಿ. ಕಿಟಕಿ ಕಡೆ ಕುಂಡ್ರಿ, ಗಾಳಿ ಬರ್ತದ.”

ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವ್ವ ಗೋಡೆಗೆ ಎರಡು ಸಲ ಬಡಿದಳು.

“ರೈಟ್!”