ಜನ ಸಾಕು, ಮೀನು ಸಾಕು

“ಜನರ ಸಹವಾಸ ಸಾಕು, ಇನ್ನು ಮೀನು ಸಾಕು!” ಎಂದು ಕಾರ್ಖಾನೆಯ ಉಗ್ರಾಣದ ಸಾಹೇಬರು ತಮಗೆ ತಾವೇ ಆಜ್ಞೆ ಹೊರಡಿಸಿಕೊಂಡರು. ಅವರ ಹೆಂಡತಿ ಹೆಡ್ ನರ್ಸು. ದೂರದ ಊರಿನ ಆಸ್ಪತ್ರೆಗೆ ವರ್ಗವಾಗಿತ್ತು. ಹೊರಡುವಾಗ ಆಕೆ, ಬೇಜಾರಾದರೆ ಒಂದು ಮಾತು ಹೇಳಿ, ರಜೆ ಹಾಕಿ ಬರುತ್ತೇನೆ ಎಂದಿದ್ದಳು. ನನಗೇನು ಧಾಡಿ ಎಂದು ಸಾಹೇಬರು ಎದೆಯುಬ್ಬಿಸಿದ್ದರು. ಆಮೇಲೆ ದಿನಾ ಸಂಜೆ ಬೀಗ ತೆಗೆದರೆ, ಬೆಳಿಗ್ಗೆ ಕುಡಿದಿಟ್ಟ ಲೋಟ ಇಟ್ಟಲ್ಲೇ ಕೂತು ಇವರನ್ನು ಸ್ವಾಗತಿಸುವುದು. ಫೋನಿನಲ್ಲಿ “ಊಟ ಆಯ್ತಾ?” “ಆಯ್ತು, ನಿಮ್ದು?” “ಆಯ್ತು.” ಅಲ್ಲಿಗೆ ಆ ದಿನದ ದಾಂಪತ್ಯ ಸಮಾಪ್ತಿ.

ಪೊರಕೆ ಕೊಳ್ಳಲೂ ಊರಿನ ಅಂಗಡಿಗಳನ್ನೆಲ್ಲ ಸುತ್ತುವ ಆಸಾಮಿ, ಸಮುದ್ರದ ಮೀನನ್ನು ಸುಮ್ಮನೆ ತಂದಾರೆಯೇ? ಯಾವುದು ಎಷ್ಟು ಬೆಳೆಯುತ್ತದೆ, ಏನು ತಿನ್ನುತ್ತದೆ, ಯಾರನ್ನು ತಿನ್ನುತ್ತದೆ, ನೀರಿಗೆ ಉಪ್ಪೆಷ್ಟು, ತಿಂಗಳುಗಟ್ಟಲೆ ಸಂಶೋಧನೆ. ಸಂಜೆಯಾದರೆ ಹೆಂಡತಿಗೆ ವರದಿ. ಒಂದು ಮೀನು ಜಗಳಗಂಟಿ, ಇನ್ನೊಂದಕ್ಕೆ ಕೋಣೆಯಷ್ಟು ಜಾಗ ಬೇಕು, ಮತ್ತೊಂದು ಹೊಸ ಜಾಗದಲ್ಲಿ ಊಟ ಬಿಟ್ಟು ಸಾಯುತ್ತದೆ. ಕಿವಿ ಬಿಸಿಯಾಗುವವರೆಗೂ ಮಾತು!

ಕೊನೆಗೆ ಒಂದು ಜೋಡಿ ಪಾಸಾಯಿತು: ಗೋಬಿ ಮೀನು ಮತ್ತು ಪಿಸ್ತೂಲು ಸೀಗಡಿ.

“ಗೋಬಿ ಅಂದ್ರೆ ಹೂಕೋಸಲ್ವಾ?” ಎಂದಳು ಹೆಂಡತಿ.

“ನಗ್ಬೇಡ ಕಣೆ. ಸೀಗಡಿಗೆ ಕಣ್ಣು ಮಂಜು. ಅದು ಬಿಲ ತೋಡುತ್ತೆ, ಮೀನು ಬಾಗಿಲು ಕಾಯುತ್ತೆ. ಹೊರಗೆ ಬಂದಾಗೆಲ್ಲ ಸೀಗಡಿ ತನ್ನ ಮೀಸೇನ ಮೀನಿನ ಮೈಮೇಲೆ ಇಟ್ಕೊಂಡೇ ಇರುತ್ತೆ. ಪಕ್ಕದಲ್ಲಿ ಇದ್ಯೋ ಇಲ್ವೋ ಅಂತ.”

“ಹಾಗಾದ್ರೆ ಆ ಜೋಡೀನೇ ತನ್ನಿ,” ಎಂದಳು ಆಕೆ.

ಜೋಡಿ ಬಂತು. ಉಪ್ಪುನೀರು ತುಂಬಿದ ಗಾಜಿನ ತೊಟ್ಟಿಗೆ ಇಳಿದದ್ದೇ ತಡ, ಎರಡೂ ಕಲ್ಲಿನಡಿ ಭೂಗತವಾದವು. ಸಾಹೇಬರು ಗಾಜಿಗೆ ಮೂಗೊತ್ತಿ ಕಾದರು. ಮನೆ ಎಂದಿನಂತೆ ಗಪ್‌ಚಿಪ್. ಆಗ, ಟಪ್! ಗಾಜು ಬಿರುಕು ಬಿಟ್ಟಿತೇ? ಮತ್ತೆ ಟಪ್! ಸಾಹೇಬರು ಬಕೆಟ್ಟಿಗೆ, ಪಾತ್ರೆಗೆ, ಕುಕ್ಕರಿಗೆ, ಕೊನೆಗೆ ಹೂದಾನಿಗೂ ಸಮುದ್ರವನ್ನು ಮೊಗೆದು ತುಂಬಿದರು. ಅರ್ಧ ಸಮುದ್ರ ನೆಲದ ಪಾಲಾಯಿತು, ಅದರ ಮೇಲೆ ಸಾಹೇಬರೂ ಬಿದ್ದರು. ಕೆಳಮನೆಯವರು ಮೇಲೆ ಬಂದು, ಚಾವಣಿ ಸೋರುತ್ತಿದೆ, ಅದೂ ಉಪ್ಪುಪ್ಪಾಗಿ ಸೋರುತ್ತಿದೆ ಎಂದು ದೂರಿದರು. ರುಚಿ ನೋಡಿದವರು ಯಾರೆಂದು ಕೇಳುವಷ್ಟು ಪುರುಸೊತ್ತು ಇವರಿಗಿರಲಿಲ್ಲ. ಒದ್ದೆ ಕೈಯಲ್ಲೇ ಹೆಂಡತಿಗೆ ಫೋನು ಮಾಡಿದರು.

“ತೊಟ್ಟಿ ಒಡೀತಿದೆ ಕಣೆ, ಕೇಳು,” ಎಂದು ಫೋನನ್ನು ಗಾಜಿಗೆ ಹಿಡಿದರು. ತಳದಲ್ಲುಳಿದ ನೀರಿನಿಂದ ಮತ್ತೊಮ್ಮೆ ಟಪ್ಪೆಂದಿತು.

“ರೀ, ಆ ಸೀಗಡಿ ಹೆಸರೇನು ಅಂದ್ರಿ?”

“ಪಿಸ್ತೂಲು ಸೀಗಡಿ.”

“ಮತ್ತೆ? ಪಿಸ್ತೂಲು ಇನ್ನೇನು ಸೀನುತ್ತಾ?”

ಸಾಹೇಬರು ನೀರಿನಲ್ಲೇ ಕುಸಿದು ಕೂತರು. ಅದರ ಊಟ, ಉಪ್ಪು, ಶತ್ರು, ಮಿತ್ರ ಎಲ್ಲವನ್ನೂ ವಿಚಾರಿಸಿದ್ದರು, ಹೆಸರೊಂದನ್ನು ಬಿಟ್ಟು! ಬೆರಳುದ್ದದ ಪ್ರಾಣಿ ತನ್ನ ಇಕ್ಕಳದಂಥ ಕೈಯಿಂದ ಚಿಟಿಕೆ ಹೊಡೆದರೆ ಮನೆಯೇ ಬಿರಿದಂತೆ ಕೇಳಿತ್ತು. ಕೇಳದೆ ಏನು, ಅಲ್ಲಿ ಬೇರೆ ಸದ್ದೇ ಇರಲಿಲ್ಲವಲ್ಲ.

“ತುಂಬಾ ಹೆದರಿಬಿಟ್ರಾ?” ಎಂದಳು ಆಕೆ, ಮೆಲ್ಲಗೆ.

“ಹೂಂ.” ಸಾಹೇಬರು ಒದ್ದೆ ಫೋನನ್ನು ಅಂಗಿಗೆ ಒರೆಸಿ ಮತ್ತೆ ಕಿವಿಗಿಟ್ಟರು. “ನೀನು... ಒಂದ್ನಾಲ್ಕು ದಿನ ಬಾರೇ.”

ಆ ಕಡೆ ಮೂಗು ಒರೆಸಿಕೊಂಡ ಸದ್ದು.

“ಬಾ ಅನ್ನೋಕೆ ನಿಮಗೆ ಸಮುದ್ರಾನೇ ಮನೆಗೆ ತರಿಸ್ಬೇಕಾಯ್ತಾ?”